ಸೀದಾ ಕಾಲು

ನಮ್ಮ ದಾಂಡೇಲಿಯ ಸೈಕಲ್ ಗುಂಪಿನಲ್ಲಿ ಹೊರಡುವ ಮೊದಲು ಒಮ್ಮೆ, ಊರು ಮುಟ್ಟಿದ ಮೇಲೆ ಒಮ್ಮೆ ಲೆಕ್ಕ ಹೇಳುವ ಪದ್ಧತಿ ಇದೆ. ಎಲ್ಲರೂ ಸಾಲಾಗಿ ನಿಲ್ಲಬೇಕು. ಮೊದಲನೆಯವರು ‘ಒಂದು’ ಅನ್ನಬೇಕು, ಪಕ್ಕದವರು ‘ಎರಡು’, ಹೀಗೇ ಕೊನೆಯ ತನಕ. ಗುಂಪು ಕಟ್ಟಿದವರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು. ಅವರು ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿಲ್ಲ. ಸಾಲಿನ ತುದಿಗೆ ತಾವೇ ನಿಂತು ‘ಹದಿನಾಲ್ಕು!’ ಎಂದು ಬಂದೂಕು ಹಾರಿಸಿದ ಹಾಗೆ ಕೂಗಿ ಲೆಕ್ಕ ಮುಗಿಸುತ್ತಿದ್ದರು. ನಾನು ಗುಂಪಿಗೆ ಸೇರುವ ಮೊದಲೂ ಹದಿನಾಲ್ಕು, ಸೇರಿದ ಮೇಲೂ ಹದಿನಾಲ್ಕು. ನನ್ನ ಹೊಟ್ಟೆಯುರಿ ಶುರುವಾದದ್ದೇ ಅಲ್ಲಿಂದ.

ನನಗೆ ಕಣ್ಣು ಕಾಣಿಸುವುದಿಲ್ಲ. ಹುಟ್ಟಿನಿಂದ ಅಲ್ಲ. ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಅಪ್ಪನ ಎತ್ತರದ ಸೈಕಲ್ಲಿನ ದಂಡಿಗೆಯ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆಯುತ್ತ, ಕಂಡವರ ಗದ್ದೆಯ ಬದುಗಳನ್ನೆಲ್ಲ ಕೆಡವಿದ ಹುಡುಗಿ ನಾನು. ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಧಾರವಾಡದ ಕಡೆಯವರನ್ನು ಮದುವೆಯಾಗಿ ದಾಂಡೇಲಿಗೆ ಬಂದೆ. ನಲವತ್ತು ದಾಟುವಷ್ಟರಲ್ಲಿ ಕಣ್ಣೊಳಗಿನ ಒತ್ತಡ ಏರಿ ಏರಿ ಬೆಳಕನ್ನು ತೆಗೆದುಕೊಂಡು ಹೋಯಿತು. ಮನೆಯ ಮುಂದಿನ ಹಿಟ್ಟಿನ ಗಿರಣಿಯನ್ನು ಮಾತ್ರ ನಾನು ಬಿಡಲಿಲ್ಲ. ಜೋಳದ ಹಿಟ್ಟು ಸಣ್ಣಗಾಗಿದೆಯೋ ಇಲ್ಲವೋ ಎಂದು ತಿಳಿಯಲು ಹೆಬ್ಬೆಟ್ಟು ಸಾಕು, ಬೆಲ್ಟು ಸಡಿಲಾಗಿದೆಯೋ ಎಂದು ತಿಳಿಯಲು ಕಿವಿ ಸಾಕು. ಗಿರಣಿಗೆ ಬರುವವರು ನನಗೆ ಕಣ್ಣಿಲ್ಲವೆಂದು ಮರುಗುವುದಿಲ್ಲ, ಬಾಯಿ ಇದೆಯೆಂದು ಹೆದರುತ್ತಾರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ. ಮುಚ್ಚಿಟ್ಟು ಏನು ಮಾಡಲಿ?

ಒಂದು ದಿನ ಮಾಸ್ತರರು ಜೋಳ ಬೀಸಿಸಲು ಬಂದವರು ತಮ್ಮ ಗುಂಪಿನ ಬಗ್ಗೆ ಹೇಳತೊಡಗಿದರು. “ಎಲ್ಲಾರೂ ಬರಬಹುದು ನೋಡ್ರಿ. ಒಂದ್ ಕಾಲ್ ಗಿಡ್ಡ ಇದ್ದಾರ ಅದಾರ, ಕಿವಿ ಕೇಳದಾರ ಅದಾರ, ಎಪ್ಪತ್ತ ದಾಟಿದಾರೂ ಅದಾರ. ಯಾರನ್ನೂ ಬಿಡೂದಿಲ್ಲ.”

“ಮತ್ತ ಕುರುಡ್ರು?” ಎಂದೆ.

ಮಾಸ್ತರರು ಚೀಲದ ಬಾಯಿ ಕಟ್ಟುವ ಸದ್ದು ಕೇಳಿಸಿತು. ಹಿಟ್ಟು ತೆಗೆದುಕೊಂಡು ಹೋದರು. ಹದಿನೈದು ದಿನದ ಮೇಲೆ ಮತ್ತೆ ಬಂದರು, ಈ ಸಲ ಜೋಳವಿರಲಿಲ್ಲ. “ಹೊರಗ ಬಂದು ಮುಟ್ಟಿ ನೋಡ್ರಿ” ಎಂದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಮನುಷ್ಯ ಒಳ್ಳೆಯವರೇ.

ಹೊರಗಿದ್ದದ್ದು ಜೋಡಿ ಸೈಕಲ್ಲು. ಗುಂಪಿನಲ್ಲೇ ಇದ್ದ ಕಿವಿ ಕೇಳದ ವೆಲ್ಡರ್ ಒಬ್ಬ ಎರಡು ಹಳೆ ಸೈಕಲ್ಲುಗಳನ್ನು ಕತ್ತರಿಸಿ, ಬೆಸೆದು, ಒಂದು ಮಾಡಿದ್ದ. ಎರಡು ಸೀಟು, ಎರಡು ಹ್ಯಾಂಡಲ್ಲು, ನಾಲ್ಕು ಪೆಡಲು. ಚೈನು ಎರಡು. ಎಡಗಡೆಯದು ಮುಂದಿನ ಪೆಡಲನ್ನು ಹಿಂದಿನ ಪೆಡಲಿಗೆ ಕಟ್ಟುತ್ತದೆ, ಬಲಗಡೆಯದು ಹಿಂದಿನ ಪೆಡಲಿನಿಂದ ಚಕ್ರಕ್ಕೆ ಹೋಗುತ್ತದೆ. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ. ತಿರುಗಿಸುವುದು, ಬ್ರೇಕು ಹಿಡಿಯುವುದು ಮುಂದಿನವರ ಕೆಲಸ. ಹಿಂದಿನವರದು ತುಳಿಯುವುದು. ಹಿಂದಿನ ಹ್ಯಾಂಡಲ್ಲು ಬರೀ ಹಿಡಿದುಕೊಳ್ಳುವುದಕ್ಕೆ.

ಮುಂದಿನ ಸೀಟಿಗೆ ಬಂದವಳು ಹಳಿಯಾಳ ತಾಲೂಕಿನ ಒಂದು ಹಳ್ಳಿಯ, ಆಫ್ರಿಕ ಮೂಲದ ಸಿದ್ದಿ ಹೆಣ್ಣುಮಗಳು. ದಾಂಡೇಲಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ, ನಮ್ಮ ಓಣಿಯ ಹಿಂದೆಯೇ ಮನೆ. ಅದುವರೆಗೆ ತನ್ನ ಸೈಕಲ್ಲಿನಲ್ಲೇ ಗುಂಪಿಗೆ ಬರುತ್ತಿದ್ದವಳು ನನಗಾಗಿ ಅದನ್ನು ಮನೆಯಲ್ಲಿ ನಿಲ್ಲಿಸಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಒಂದು ಗೇಣು ಎತ್ತರ. ನಮ್ಮಿಬ್ಬರನ್ನೂ ಮಂದಿ ಕೇಳದೆ ಬಿಡುತ್ತಿರಲಿಲ್ಲ. ನದಿಯಲ್ಲಿ ದೋಣಿ ಆಡಲು ಬರುವ ಪ್ರವಾಸಿಗರು ಅವಳಿಗೆ “ನಿಮ್ದು ಯಾವ ದೇಶ?” ಅನ್ನುತ್ತಿದ್ದರು. ಅವಳು “ಹಳಿಯಾಳ ದೇಶ” ಅನ್ನುತ್ತಿದ್ದಳು. ಊರಿನವರು “ಕಣ್ಣ ಕಾಣದಾಕೀನ ಯಾಕ ಹಿಂದ ಕುಂದರಿಸ್ಕೊಂಡೀ?” ಅನ್ನುತ್ತಿದ್ದರು. ಅದಕ್ಕೆ ನಾನೇ “ಹಾರ್ನ್ ಹೊಡ್ಯಾಕ” ಎಂದು ಉತ್ತರ ಕೊಡುತ್ತಿದ್ದೆ. ಮೊದಲನೆಯ ವಾರದಲ್ಲೇ ನಮ್ಮಿಬ್ಬರಿಗೆ ಬಹಳ ಚೆನ್ನಾಗಿ ಕೂಡಿಬಂತು.

ಮೊದಲನೆಯ ಭಾನುವಾರ ಸಾಲಿನಲ್ಲಿ ನಿಂತೆ. ಒಂದು, ಎರಡು, ಮೂರು ಬಂತು. ಪಕ್ಕದಲ್ಲಿ ಅವಳು “ಏಳು” ಎಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ತೋಳು ನನ್ನ ಎದೆಯ ಮುಂದಿನಿಂದ ಹಾದು ಹೋಯಿತು. ನನ್ನ ಆಚೆ ಬದಿ ನಿಂತವನು ಆ ವೆಲ್ಡರ್. ಅವನಿಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಹೆಗಲು ತಟ್ಟಿದರೆ ಬೆಲ್ಲು ಹೊಡೆಯುತ್ತಾನೆ. ಟ್ರಿಣ್ ಎಂದಿತು. ಅದೇ ಎಂಟು. ಆಮೇಲಿನವರು ಒಂಬತ್ತು ಎಂದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಮಾಸ್ತರರನ್ನು ಅಲ್ಲೇ ಹಿಡಿದೆ. “ನನ್ನ ನಂಬರ್ ಎಲ್ಲೈತ್ರಿ?”

“ಲೆಕ್ಕ ಸೈಕಲ್ಲಿಂದು ರೀ, ಮಂದೀದಲ್ಲ” ಎಂದರು. ನಾನು ಬಿಡಲಿಲ್ಲ. ಆಗ ತಡವರಿಸುತ್ತ, “ಸಿಟ್ಟ ಆಗಬ್ಯಾಡ್ರಿ. ತನ್ನ ಕಾಲಿನ ಬಲದ ಮ್ಯಾಲ ಬಂದಾವಗ ನಂಬರ್. ಹಿಂದ ಕುಂತಾರು ತುಳದ್ರೋ, ಸುಮ್ನ ಕಾಲ್ ಇಟ್ಟಿದ್ರೋ ಯಾರಿಗ್ ಗೊತ್ತಾಕ್ಕೈತಿ? ಚೈನ್ ತಿರಗಿದ್ರ ಕಾಲೂ ತಿರಗತಾವ” ಎಂದರು.

ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಗಳ್ಳಿಯಲ್ಲಿ ನಾವು ಕುಂಟಾಬಿಲ್ಲೆ ಆಡುವಾಗ ತೀರ ಸಣ್ಣ ಮಕ್ಕಳು ಅಳಬಾರದೆಂದು ಸೇರಿಸಿಕೊಂಡು ಹೀಗೇ ಅನ್ನುತ್ತಿದ್ದೆವು. ಐವತ್ತು ದಾಟಿದ ಮೇಲೆ ಆ ಮಾತು ನನ್ನ ತಲೆಗೇ ಬಂದು ಕೂತಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದೇ ಇನ್ನಷ್ಟು ಉರಿಸಿತು. ನಾನು ತುಳಿಯುವುದು ಮುಂದೆ ಕೂತವಳೊಬ್ಬಳಿಗೇ ಗೊತ್ತಿತ್ತು.

ಗಾಯದ ಮೇಲೆ ಬರೆ ಎಂಬಂತೆ ಮೂರನೆಯ ಭಾನುವಾರ ಬಿದ್ದೆವು. ಬಸ್ ನಿಲ್ದಾಣದ ಹತ್ತಿರ ದನವೊಂದು ಅಡ್ಡ ಬಂತಂತೆ. ಅವಳು ಬ್ರೇಕು ಹಿಡಿದು “ಸೀದಾ ಕಾಲ್! ಸೀದಾ ಕಾಲ್!” ಎಂದು ಕೂಗಿದಳು. ನಾನು ವಿಧೇಯಳಾಗಿ ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು, ನೀರೆರೆಯಲು ಕೂರಿಸಿದ ಕೂಸಿನ ಹಾಗೆ ಮುಂದಕ್ಕೆ ಸೀದಾ ಚಾಚಿದೆ. ಸೈಕಲ್ಲು ಬಲಕ್ಕೆ ವಾಲಿತು, ವಾಲಿದ್ದು ನಿಲ್ಲಲಿಲ್ಲ. ಮಳೆಯ ಗುಂಡಿಯೊಂದು ನಮಗಾಗಿಯೇ ಕಾಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನದು ಬಾಯಿಯೇ ಕೆಸರಾಗಿತ್ತು.

“ಕಾಲ್ ಯಾಕ ಕೆಳಗ ಇಡಲಿಲ್ಲಾ?” ಎಂದು ಅವಳು ಚೀರಿದಳು.

“ನೀ ಸೀದಾ ಅಂದಿ, ನಾ ಸೀದಾ ಮಾಡಿದೆ!”

“ಸೀದಾ ಅಂದ್ರ ಸೀದಾ! ಇದು!” ಎಂದು ನನ್ನ ಬಲತೊಡೆಗೆ ಛಟ್ಟನೆ ಹೊಡೆದಳು.

ಆಗ ತಿಳಿಯಿತು. ಅವರ ಮನೆಯ ಮಾತು ಉರ್ದು. ಅವರಲ್ಲಿ ಬಲಗೈಗೆ ಸೀದಾ ಕೈ, ಬಲಗಾಲಿಗೆ ಸೀದಾ ಕಾಲು, ಎಡದ್ದು ಉಲ್ಟಾ. ಎಡ, ಬಲ ಅನ್ನಬೇಕೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಆದರೆ ಹೆದರಿದಾಗ ನಾಲಿಗೆ ತವರಿಗೇ ಓಡುತ್ತದೆ. ನನಗೋ ಹುಟ್ಟಿದಾಗಿನಿಂದ ಸೀದಾ ಅಂದರೆ ನೆಟ್ಟಗೆ. ಅರ್ಧ ಊರಿಗೆ ಹಾಗೆ, ಅರ್ಧ ಊರಿಗೆ ಹೀಗೆ, ಆದರೂ ದಾಂಡೇಲಿಯಲ್ಲಿ ಇಷ್ಟು ವರ್ಷ ಯಾರೂ ಬಿದ್ದಿರಲಿಲ್ಲ. ಬೀಳುವುದಕ್ಕೆ ನಾವೇ ಬೇಕಾಯಿತು. ಕೆಸರಿನಲ್ಲಿ ಕೂತೇ ಇಬ್ಬರೂ ನಗತೊಡಗಿದೆವು. ಮಾಸ್ತರರು ನಗಲಿಲ್ಲ.

ಮಾರನೆಯ ದಿನ ಗಿರಣಿಗೆ ಬಂದು ತೀರ್ಪು ಕೊಟ್ಟರು. ಮಳೆ ನಿಂತ ಮೇಲೆ ಸೂಪಾ ಅಣೆಕಟ್ಟಿಗೆ ದೊಡ್ಡ ಸವಾರಿ ಇತ್ತು. ಜೋಯಿಡಾದ ದಾರಿ, ಕಾಡು, ಕೊನೆಗೆ ಏರು. “ನೀವು ನೀರು, ಹಣ್ಣು ಹೇರಕೊಂಡು ಹಿಂದ ಬರೂ ಗಾಡ್ಯಾಗ ಬರ್ರಿ. ಹೊಂಡೂ ಮುಂದ ಹಸರ ಝಂಡಾ ನಿಮ್ಮ ಕೈಲೇ ತೋರ್ಸೂಣು. ನಿಮಗೂ ಮರ್ಯಾದಿ, ನಮಗೂ ಮರ್ಯಾದಿ.”

“ಝಂಡಾ ಹಸರೋ ಕೆಂಪೋ ನನಗ ಹೆಂಗ ಗೊತ್ತಾಗಬೇಕ್ರಿ ಮಾಸ್ತರ?” ಎಂದೆ. ಕಾಯುತ್ತ ನಿಂತಿದ್ದ ಮಂದಿ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. “ನಾ ತುಳಕೋತ ಬರ್ತೇನಿ. ಸೂಪಾದ ಏರಿನ್ಯಾಗ ನಾ ಕಾಲ್ ಕೆಳಗ ಇಟ್ರ, ಮತ್ತ ನಿಮ್ಮ ಸಾಲಿನ್ಯಾಗ ನಿಂದ್ರೂದಿಲ್ಲ. ಇಡದ ಹತ್ತಿದ್ರ ನನಗ ನಂಬರ್ ಬೇಕು.”

“ನೋಡೂಣು” ಎಂದರು ಮಾಸ್ತರರು. ಅವರ ‘ನೋಡೂಣು’ ಅಂದರೆ ಇಲ್ಲ ಎಂದೇ ಅರ್ಥ. ಆದರೆ ಇಷ್ಟು ಮಂದಿಯ ಎದುರು ಅಂದದ್ದು, ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಸಂಜೆ ಅವಳು ಬಂದು ಗೋಧಿಯ ಚೀಲದ ಮೇಲೆ ಕೂತಳು. ಮೊದಲು ಮಾತು ಸರಿಮಾಡಿಕೊಳ್ಳಬೇಕಿತ್ತು, ಕಾಲು ಆಮೇಲೆ. ಹೆದರಿದಾಗಲೂ ಅವಳ ಬಾಯಿಗೆ ತಾನಾಗಿ ಬರುವ, ನನ್ನ ಕಿವಿಗೂ ತಪ್ಪದ ಮಾತು ಯಾವುದು? ಎಡ ಬಲ ಆಗಲಿಲ್ಲ. ಒಂದು ಎರಡು ಅಂದು ನೋಡಿದೆವು, ಒಂದು ಯಾವುದು ಎಂದು ಇಬ್ಬರೂ ಮರೆತೆವು. ಆಗ ಕೇಳಿದೆ, “ನಿಮ್ಮಪ್ಪ ಹೊಲದಾಗ ಎತ್ತಿಗೆ ಏನಂತಿದ್ದ?”

“ಎಡಗೋಲ, ಬಲಗೋಲ” ಎಂದಳು. ನೊಗದ ಎಡಕ್ಕೆ ಕಟ್ಟುವ ಎತ್ತು ಎಡಗೋಲು, ಬಲಕ್ಕೆ ಕಟ್ಟುವುದು ಬಲಗೋಲು. “ಎತ್ತು ನಾನ ಹೊಡೀತಿದ್ನಿ. ಅಪ್ಪ ಹಿಂದ ನೇಗಿಲ ಹಿಡೀತಿದ್ದ. ಎಂಟ್ ವರ್ಷದಾಕಿ ಇದ್ದಾಗಿಂದ.”

ಚಿಗಳ್ಳಿಯಲ್ಲೂ ಅದೇ ಮಾತು. ಮನೆಯಲ್ಲಿ ಉರ್ದುವಾಗಲಿ ಕನ್ನಡವಾಗಲಿ, ಎತ್ತಿಗೆ ತಿಳಿಯುವುದು ಅದೊಂದೇ. ನಿಲ್ಲಿಸಲು ‘ಹೋ’. ಅಲ್ಲಿಗೆ ನಮ್ಮ ಮೂರು ಮಾತು ಮುಗಿದವು.

“ಹಂಗಂದ್ರ ನಾವ್ ಎತ್ತೇನ ಅಕ್ಕಾ?” ಎಂದಳು.

“ಜೋಡೆತ್ತು. ಒಂದ್ ಮುಂದ, ಒಂದ್ ಹಿಂದ. ಅಷ್ಟ ಫರಕು.”

ಸೈಕಲ್ಲಿನ ಮೇಲೆ ‘ಸೀದಾ’ ಎಂದರೆ ನನ್ನ ಗಿರಣಿ ಗುಡಿಸಬೇಕೆಂದು ಕಟ್ಟಳೆ ಮಾಡಿದೆ. ಮೊದಲ ವಾರ ನಾಲ್ಕು ಸಲ ಗುಡಿಸಿದಳು. ಎರಡನೆಯ ವಾರ ಒಂದು ಸಲ. ಅಷ್ಟರಲ್ಲಿ ನಾನು ದಾರಿ ಕೇಳಿದ ಯಾರಿಗೋ ಸೈಕಲ್ಲಿನ ಮೇಲೆ ಕೂತೇ “ಸೀದಾ ಹೋಗ್ರಿ” ಎಂದುಬಿಟ್ಟೆ. ಅವಳು ಚಪ್ಪಾಳೆ ತಟ್ಟಿದಳು. ಅಂದು ಪೊರಕೆ ನಾನೇ ಹಿಡಿದೆ.

ದಿನಾ ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗುವ ಮೊದಲೇ ಹೊರಟು, ಹಳಿಯಾಳದ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬರುತ್ತಿದ್ದೆವು. ಆಮೇಲೆ ಅವಳು ಶಾಲೆಯ ಅಡುಗೆಗೆ, ನಾನು ಗಿರಣಿಗೆ. ಮೊಣಕಾಲು ನೋಯುತ್ತಿತ್ತು, ಆದರೆ ಯಾರ ಮುಂದೆಯೂ ಹೇಳಲಿಲ್ಲ. ನಮ್ಮವರಿಗೆ ಗೊತ್ತಾಗಿ ಏನೂ ಮಾತಾಡದೆ ಎಣ್ಣೆ ಬಿಸಿ ಮಾಡಿ ತಂದು ಪಕ್ಕದಲ್ಲಿಡುತ್ತಿದ್ದರು. ಅವರಿಗೆ ನನ್ನ ಮೂವತ್ತು ವರ್ಷದ ಸಿಟ್ಟಿನ ಅನುಭವವಿದೆ.

ಒಂದು ದಿನ ಎಡಗಡೆಯ ಚೈನು ಕರ್ ಕರ್ ಅನ್ನುವುದು ಕೇಳಿಸಿತು. ಅವಳು ಬಗ್ಗಿ ನೋಡಿ ಏನೂ ಆಗಿಲ್ಲ ಎಂದಳು. ಕಣ್ಣಿದ್ದವರ ಹಣೆಬರಹವೇ ಇಷ್ಟು, ಕಂಡರೆ ಮಾತ್ರ ನಂಬುತ್ತಾರೆ. ವೆಲ್ಡರನ ಅಂಗಡಿಗೆ ಹೋದೆ. ನಾನು ಹೇಳಿದ್ದು ಅವನಿಗೆ ಕೇಳದು, ಅವನ ಸನ್ನೆ ನನಗೆ ಕಾಣದು. ಕೊನೆಗೆ ಅವನ ಕೈ ಎಳೆದು ಚೈನಿನ ಮುಚ್ಚಳದ ಮೇಲಿಟ್ಟು ಪೆಡಲು ತಿರುಗಿಸಿದೆ. ನನ್ನ ಕಿವಿಗೆ ಕೇಳಿದ್ದು ಅವನ ಅಂಗೈಗೆ ತಿಳಿಯಿತು. ನನ್ನ ಮುಂಗೈ ಮೇಲೆ ಎರಡು ಸಲ ತಟ್ಟಿದ. ಹೌದು ಎಂದಿರಬೇಕು. ಅಂದೇ ಬಿಗಿ ಮಾಡಿಕೊಟ್ಟ.

ಸೂಪಾ ಸವಾರಿಯ ಬೆಳಿಗ್ಗೆ ಸಾಲಿನಲ್ಲಿ ನಿಂತಾಗ ಅವಳ ತೋಳು ಎಂದಿನಂತೆ ನನ್ನ ಎದೆಯ ಮುಂದಿನಿಂದ ಹಾದು ಹೋಯಿತು, ಬೆಲ್ಲು ಹೊಡೆಯಿತು, ಮಾಸ್ತರರು ಹದಿನಾಲ್ಕು ಹಾರಿಸಿದರು. ನೀರು, ಬಾಳೆಹಣ್ಣು ಹೇರಿಕೊಂಡು ಹಿಂದಿನ ಗಾಡಿಯನ್ನು ನಡೆಸುತ್ತಿದ್ದವರು ನಮ್ಮವರೇ. ಗಾಡಿಯಲ್ಲಿ ನನಗಾಗಿ ಒಂದು ತಲೆದಿಂಬು ಇಟ್ಟಿದ್ದಾರೆಂದು ಅವಳು ಗುಟ್ಟಾಗಿ ಹೇಳಿದಳು. ಆ ತಲೆದಿಂಬಿನ ಮೇಲಿನ ಸಿಟ್ಟಿನಲ್ಲೇ ನಾನು ಅರ್ಧ ದಾರಿ ತುಳಿದೆ.

ಕಾರ್ಖಾನೆಯ ವಾಸನೆ ಹಿಂದೆ ಉಳಿದು, ಕಾಡಿನ ತಂಪು ಮೊದಲು ಮೊಣಕೈಗಳಿಗೆ, ಆಮೇಲೆ ಕುತ್ತಿಗೆಗೆ ತಾಗಿತು. ತಲೆಯ ಮೇಲೆ ಮಂಗಗಳು ಟೊಂಗೆ ಅಲ್ಲಾಡಿಸಿದವು. ಇಳಿಜಾರಿನಲ್ಲಿ ಗಾಳಿ ಕಿವಿ ತುಂಬಿದಾಗ ನಾನು ಚಿಗಳ್ಳಿಯ ಹುಡುಗಿಯ ಹಾಗೆ ಕೂಗಿದೆ. ಯಾರು ಏನಂದುಕೊಂಡರೂ ಅನ್ನಲಿ, ಅಷ್ಟು ಖುಷಿ ನನಗೆ ಹತ್ತು ವರ್ಷದಲ್ಲಿ ಆಗಿರಲಿಲ್ಲ. ಎರಡು ಕಡೆ ನೀರು ಕುಡಿಯಲು ನಿಂತೆವು. ಎರಡೂ ಸಲ “ಹೋ, ಬಲಗೋಲ!” ಎಂದಳು, ಎರಡೂ ಸಲ ನನ್ನ ಬಲಗಾಲು ಅವಳ ಬಲಗಾಲಿನ ಜೊತೆಗೇ ನೆಲ ಮುಟ್ಟಿತು.

ಕೊನೆಯ ಏರು ಶುರುವಾಯಿತು. ಎಲ್ಲರ ಉಸಿರೂ ಕೇಳಿಸುತ್ತಿತ್ತು. ಮಾಸ್ತರರು ನನ್ನ ಕಾಲು ಕಾಯಲೆಂದೇ ಪಕ್ಕದಲ್ಲಿ ಬರುತ್ತಿದ್ದರು. ಅರ್ಧ ಏರಿದೆವೋ ಇಲ್ಲವೋ, ಎಡಗಡೆ ಟಕ್ ಎಂದು ಸದ್ದಾಯಿತು. ಒಮ್ಮೆಲೇ ಸೈಕಲ್ಲಿನ ಭಾರವೆಲ್ಲ ನನ್ನ ತೊಡೆಗಳ ಮೇಲೆ ಬಂದು ಬಿತ್ತು.

“ಅಕ್ಕಾ! ನನ್ನ ಕಾಲ್ ಖಾಲಿ ತಿರಗಾಕತ್ತಾವ!”

ನನಗೆ ತಕ್ಷಣ ಗೊತ್ತಾಯಿತು. ಕರ್ ಕರ್ ಅನ್ನುತ್ತಿದ್ದ ಆ ಚೈನೇ ಕಡಿದಿತ್ತು. ಇನ್ನು ಅವಳು ಎಷ್ಟು ತುಳಿದರೂ ಚಕ್ರಕ್ಕೆ ಮುಟ್ಟುವುದಿಲ್ಲ. ಚಕ್ರಕ್ಕೆ ಕಟ್ಟಿದ ಚೈನು ನನ್ನ ಪೆಡಲಿನದು. ಎಳೆಯುವವಳು ಇನ್ನು ನಾನೊಬ್ಬಳೇ. ನಿಂತರೆ ಆ ಏರಿನಲ್ಲಿ ಮತ್ತೆ ಹತ್ತಿ ಹೊರಡುವ ಮಾತಿಲ್ಲ.

“ಹೋ ಅನ್ಲೇನ?” ಎಂದಳು.

“ಹೋ ಅಂದಿ ಅಂದ್ರ ಕೊಲ್ತೇನಿ ನಿನ್ನ!”

ಮಾಸ್ತರರು “ಇಳೀರಿ, ಇಳೀರಿ! ಚೈನ್ ಜೋತಾಡಾಕತ್ತೈತಿ!” ಎಂದು ಕೂಗಿದರು. ಆಗ ಅವಳು ಮಾಡಿದ್ದನ್ನು ನಾನು ಕಾಣಲಿಲ್ಲ, ಅವಳೇ ಕೂಗಿ ಹೇಳಿದ್ದರಿಂದ ತಿಳಿಯಿತು. “ಮಾಸ್ತರ, ಇಲ್ಲಿ ನೋಡ್ರಿ! ನನ್ನ ಎರಡೂ ಕಾಲ್ ಪೆಡಲ್ ಮ್ಯಾಲಿಂದ ತಗದೇನಿ. ಸೀದಾ ಮಾಡೇನಿ, ಸೀದಾ! ಈಗ ಹೇಳ್ರಿ, ಗಾಡಿ ಯಾರ್ ಹೊಡ್ಯಾಕತ್ತಾರ?”

ಗಿರಣಿ ಗುಡಿಸಬೇಕು ಅನ್ನಬೇಕೆನಿಸಿತು, ಅನ್ನಲು ಉಸಿರಿರಲಿಲ್ಲ. ಮೊಣಕಾಲೊಳಗೆ ಬೆಂಕಿ ಬಿದ್ದಿತ್ತು. ಎಡ ಹೆಜ್ಜೆ ಒತ್ತಿದರೆ ಬಲ ಹೆಜ್ಜೆ ಏಳಲೊಲ್ಲದು. ಸೈಕಲ್ಲು ಓಲಾಡುವಷ್ಟು ನಿಧಾನವಾಯಿತು. ಅವಳು ಹ್ಯಾಂಡಲ್ಲು ಬಿಗಿಹಿಡಿದು, ಹೊಲದಲ್ಲಿ ಎತ್ತುಗಳನ್ನು ಹುರಿದುಂಬಿಸುವ ಹಾಗೆ, ಎಡಗೋಲ, ಬಲಗೋಲ, ಎಡಗೋಲ, ಬಲಗೋಲ ಅನ್ನುತ್ತ ನನ್ನ ಹೆಜ್ಜೆಗೆ ತಾಳ ಹಾಕಿದಳು. ಮಾಸ್ತರರ ಚಕ್ರದ ಸದ್ದು ಕೊನೆಯ ತನಕ ನನ್ನ ಮಗ್ಗುಲಲ್ಲೇ ಇತ್ತು.

ಕೊನೆಗೆ ಪೆಡಲು ಹಗುರಾಯಿತು. ನೀರಿನ ಮೇಲಿನಿಂದ ಬಂದ ಗಾಳಿ ಮುಖಕ್ಕೆ ತಾಗಿತು.

“ಹೋ! ಬಲಗೋಲ!”

ಬಲಗಾಲು ಇಟ್ಟೆ. ಚಪ್ಪಲಿಯ ಕೆಳಗೆ ಜಲ್ಲಿಕಲ್ಲು ಸಿಕ್ಕಿತು. ಸೈಕಲ್ಲು ಅಲುಗಾಡದೆ ನಿಂತಿತು. ಅವಳು ಹಿಂದಕ್ಕೆ ತಿರುಗಿ ನನ್ನ ತಲೆಯನ್ನು ತಬ್ಬಿಕೊಂಡು ಅಳತೊಡಗಿದಳು, ಹುಚ್ಚಿ. ನಾನೂ ಅತ್ತೆ. ಯಾಕೆ ಸುಳ್ಳು ಹೇಳಲಿ?

ಎಲ್ಲರೂ ಬಂದು ಮುಟ್ಟಿದ ಮೇಲೆ ಮಾಸ್ತರರು ಸೀಟಿ ಊದಿದರು. ಸಾಲು ನಿಂತಿತು. ಒಂದು, ಎರಡು, ಮೂರು ಬಂತು. ನೋಡೂಣು ಎಂದಿದ್ದರಲ್ಲ, ಏನು ನೋಡಿದರೋ ಹೇಳಿರಲಿಲ್ಲ. ಪಕ್ಕದಲ್ಲಿ ಅವಳು “ಏಳು” ಎಂದಳು. ರೂಢಿಯ ಮೇಲೆ ಅವಳ ತೋಳು ನನ್ನ ಎದೆಯ ಮುಂದಕ್ಕೆ ಬಂತು, ನಡುವೆಯೇ ನಿಂತಿತು, ಹಿಂದಕ್ಕೆ ಹೋಗಿ ನನ್ನ ಹೆಗಲ ಮೇಲೆ ಬಿತ್ತು.

ಗಿರಣಿಯ ಸದ್ದನ್ನು ಮೀರಿಸಿ ಓಣಿಗೆಲ್ಲ ಕೇಳುವಂತೆ ಕೂಗುವವಳು ನಾನು. ಆಗ ಮಾತ್ರ ಮೊದಲು ಒಂದು ಉಸಿರು ಎಳೆದುಕೊಳ್ಳಬೇಕಾಯಿತು. ಯಾರೂ ಅವಸರ ಮಾಡಲಿಲ್ಲ, ಸಾಲಿಗೆ ಸಾಲೇ ಕಾಯಿತು.

“ಎಂಟು” ಎಂದೆ.

ಕೈ ಚಾಚಿ ಹುಡುಕಿ ವೆಲ್ಡರನ ಹೆಗಲು ತಟ್ಟಿದೆ. ಟ್ರಿಣ್ ಎಂದು ಬೆಲ್ಲು ಹೊಡೆದ. ಆಚೆಯವರು ಅಭ್ಯಾಸಬಲದಿಂದ “ಒಂಬ...” ಎಂದು ನಾಲಿಗೆ ಕಚ್ಚಿಕೊಂಡು “ಅಯ್ಯ, ಹತ್ತು!” ಎಂದರು. ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಒಬ್ಬೊಬ್ಬರೂ ತಮ್ಮ ಹಳೆಯ ಅಂಕಿ ಬಿಟ್ಟು ಒಂದು ಮುಂದಿನದನ್ನು ಹೇಳುತ್ತ ಹೋದರು. ಮಾಸ್ತರರ ಪಕ್ಕದವರು ಹದಿನಾಲ್ಕು ಎಂದರು. ಅದು ಇಷ್ಟು ದಿನ ಮಾಸ್ತರರ ಬಂದೂಕು.

ಮಾಸ್ತರರು ಗಂಟಲು ಸರಿಮಾಡಿಕೊಂಡು “ಹದಿನೈದು” ಎಂದರು. ಆ ಅಂಕಿಯನ್ನು ನಮ್ಮ ಗುಂಪಿನಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ.